ಮಡಿವಾಳಪ್ಪ ಕಾಕಾ ಮತ್ತು ಎರಡು ಗೀಟು

ಮಡಿವಾಳಪ್ಪ ಕಾಕಾ ಕೂತಲ್ಲಿ ಕೂಡುವ ಜೀವವಲ್ಲ. ನಮ್ಮ ಬೀಜ ಬೆಳೆಗಾರರ ಸಂಘದ ಹುಬ್ಬಳ್ಳಿ ಕಚೇರಿಯಲ್ಲಿ ಅವರ ಪಕ್ಕದ ಮೇಜು ನನ್ನದು. ಒಂಬತ್ತು ವರ್ಷ ಅವರ ಕುರ್ಚಿ ಕಿರಗುಟ್ಟುವುದನ್ನು ಕೇಳಿದ್ದೇನೆ. ಎರಡು ಸಾಲು ಬರೆಯುವರು, ಏಳುವರು, ಕಿಟಕಿಗೆ ಹೋಗಿ ಗೋದಾಮಿನ ಬಾಗಿಲು ನೋಡುವರು, ಬಂದು ಕೂಡುವರು, ಮತ್ತೆ ಏಳುವರು. ಚಹಾ ಸಹ ನಿಂತೇ ಕುಡಿಯಬೇಕು.

"ಕಾಕಾ, ಕಾಲಿಗೆ ಚಕ್ರ ಕಟಗೊಂಡೀರೇನ್ರಿ?" ಅಂದರೆ, "ನಾ ಕೂತ್ರ ಸಂಘಾನೂ ಕೂಡತೈತಿ ತಂಗಿ" ಎನ್ನುವರು.

ಆದರೆ ರಜಿಸ್ಟರ್ ತೆರೆದರೆ ಅದೇ ಮನುಷ್ಯನ ಕೈ ನಿಧಾನವಾಗುತ್ತಿತ್ತು. ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ಅವರದೊಂದು ಕಟ್ಟುನಿಟ್ಟು ಇತ್ತು: ರೈತರ ಹೆಸರನ್ನಾಗಲಿ ಊರನ್ನಾಗಲಿ ಒಮ್ಮೆ ಬರೆಯಬೇಕು, ಅದರ ಕೆಳಗಿನ ಸಾಲುಗಳಲ್ಲಿ 'ಮೇಲಿನದೇ' ಎನ್ನಲು ಎರಡು ಪುಟ್ಟ ಗೀಟು ಎಳೆಯಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದೇ ಪುಟದಲ್ಲಿ ಹನ್ನೆರಡು ಸಲ 'ಶಿರಗುಪ್ಪಿ' ಎಂದು ಬರೆದಿದ್ದೆ. ಇಡೀ ಪುಟವನ್ನು ಮತ್ತೊಮ್ಮೆ ಬರೆಸಿದರು. ಸಿಟ್ಟು ಬಂದಿತ್ತು. ಆದರೂ ಹೊಸ ಪುಟ ಚೆಂದ ಕಂಡಿತು, ಸುಳ್ಳು ಯಾಕೆ ಹೇಳಲಿ.

ಎರಡು ಸಾವಿರದ ಆರರಲ್ಲಿ ಮ್ಯಾನೇಜರ್ ರಾಜಶೇಖರ ಸಾಹೇಬರು ಬೀಜ ಪರೀಕ್ಷೆಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದರು. ನಮ್ಮ ರೈತರು ಬೆಳೆದ ಹತ್ತಿಬೀಜದ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ನಾಲ್ಕು ತಟ್ಟೆಗಳಲ್ಲಿ ನೂರು ನೂರು ಬೀಜ ಹಾಕಿ, ಎಷ್ಟು ಮೊಳೆತವು ಎಂದು ಎಣಿಸುತ್ತಾರೆ. ನಾಲ್ಕರ ಸರಾಸರಿ ಎಪ್ಪತ್ತೈದು ದಾಟಿದರೆ ಪಾಸು. ದಾಟದಿದ್ದರೆ ಆ ಬೀಜ ಎಣ್ಣೆ ಗಿರಣಿಗೆ.

ಈ ಫಲಿತಾಂಶ ಈಗ ಎಕ್ಸ್‌ಎಂಎಲ್ ಫೈಲಾಗಿ ಬರತೊಡಗಿತು. ಅದನ್ನು ಬಿಚ್ಚಿ ನೋಡಿದರೆ ಪ್ರತಿ ಹೆಸರಿಗೂ ಪ್ರತಿ ಅಂಕಿಗೂ ಹಿಂದೊಂದು ಮುಂದೊಂದು ಚೀಟಿ ಅಂಟಿಸಿದಂತಿರುತ್ತಿತ್ತು; ನಮ್ಮಂಥವರು ಓದುವುದಲ್ಲ. ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಕಮರಿಪೇಟೆಯ ಕಮರುದ್ದೀನ ಬಂದು ಎಕ್ಸೆಲ್‌ಗೆ ಒಂದು ಪ್ಲಗಿನ್ ಹಾಕಿಕೊಟ್ಟ. ರಿಫ್ರೆಶ್ ಒತ್ತಿದರೆ ಸಾಕು, ಅದು ಫೈಲಿಗೆ ಹೋಗಿ ಕೇಳಿಕೊಂಡು ಬಂದು ಎಲ್ಲವನ್ನೂ ಹಾಳೆಯ ಮೇಲೆ ಸಾಲಾಗಿ ಇಳಿಸುತ್ತಿತ್ತು. ತಟ್ಟೆಗೊಂದು ಸಾಲು, ಸಾಲಿಗೊಂದು ಹೆಸರು. ಹೊಳೆವ್ವ, ಹೊಳೆವ್ವ, ಹೊಳೆವ್ವ, ಹೊಳೆವ್ವ.

"ಏನೋ ಕಮರುದ್ದೀನ, ಇದಕ್ಕ ಹಿಂದಿಂದು ನೆನಪ ಇರೂದಿಲ್ಲೇನು? ಒಂದ ಹೆಸರು ನಾಕ ಸಲ ಒದರತೈತಿ" ಎಂದರು ಕಾಕಾ.

"ಇರ್ಲಿ ಬಿಡ್ರಿ ಕಾಕಾ. ಅದರ ಪದ್ಧತಿ ಹಂಗ."

ಇರಲಿ ಬಿಡುವ ಆಸಾಮಿಯೇ ಅವರು? ಹುಟ್ಟುಗುಣ ಸುಟ್ಟರೂ ಹೋಗದು. ಒಂದು ಬೆರಳಲ್ಲಿ ಟಕ್ ಟಕ್ ಎಂದು ಮೂರು ಹೆಸರು ಅಳಿಸಿ, ಅಲ್ಲೆಲ್ಲ ಎರಡೆರಡು ಗೀಟು ಹಾಕತೊಡಗಿದರು. ಹೊಸ ಫೈಲು ಬಂದು ನಾನು ರಿಫ್ರೆಶ್ ಒತ್ತಿದರೆ ಅಳಿಸಿದ ಹೆಸರೆಲ್ಲ ಮತ್ತೆ ಹಾಜರು. ಕಾಕಾ ಹಲ್ಲು ಕಡಿಯುವರು, ಎದ್ದು ಎರಡು ಸುತ್ತು ಹಾಕುವರು, ಬಂದು ಮತ್ತೆ ಅಳಿಸುವರು. ಎರಡು ತಿಂಗಳು ನಡೆಯಿತು ಈ ಜಿದ್ದು. ನಾನು ನಗುತ್ತಿದ್ದೆ. ಇವತ್ತು ನೆನೆದರೆ ಆ ನಗುವಿಗೆ ನಾಚಿಕೆಯಾಗುತ್ತದೆ.

ಫೆಬ್ರುವರಿಯಲ್ಲಿ ಸಾಹೇಬರು, "ಛಲೋ ಮೊಳತಿದ್ದು ಮ್ಯಾಲ, ಕೆಟ್ಟದ್ದು ಕೆಳಗ, ಹಂಗ ಹಚ್ಚಿ ಕೊಡ್ರಿ" ಎಂದರು. ಕಾಕಾ ಗೀಟು ಹಾಕಿ ಮುಗಿಸಿದ್ದ ಹಾಳೆಯನ್ನು ನಾನೇ ಅಂಕಿಯ ಪ್ರಕಾರ ಏರಿಳಿಸಿದೆ. ಒಂದು ಕ್ಷಣದ ಕೆಲಸ. ಸಾಲುಗಳೆಲ್ಲ ಅಂಕಿ ಹಿಡಿದು ಓಡಿದವು. ಹೆಸರಿದ್ದ ಸಾಲು ಒಂದು ಕಡೆ, ಅದೇ ರೈತರ ಗೀಟಿನ ಸಾಲುಗಳು ಇನ್ನೊಂದು ಕಡೆ ಹೋಗಿ ಬೇರೆಯವರ ಹೆಸರಿನ ಕೆಳಗೆ ಕೂತವು. ಕೆಲವರ ಕೆಳಗೆ ಏಳು ಸಾಲು, ಕೆಲವರಿಗೆ ಒಂದೇ. ಕಣ್ಣಿದ್ದವರಿಗೆ ಅನುಮಾನ ಬರಬೇಕಿತ್ತು. ಕಾಕಾ ಕಿಟಕಿಯ ಹತ್ತಿರ ನಿಂತುಕೊಂಡೇ ಓದಿ, ಪಾಸು ನಾಪಾಸು ಗುರುತು ಹಾಕಿ ಮುಗಿಸಿದರು. ನಾನು ಊಟದ ಡಬ್ಬಿ ಬಿಚ್ಚಿದ್ದೆ.

ನಾಪಾಸಿನ ಚೀಟಿಗಳು ಹೋಗಿ ಎಂಟನೆಯ ದಿನ, ಮಧ್ಯಾಹ್ನ, ಶಿರಗುಪ್ಪಿಯ ಹೊಳೆವ್ವ ಕಚೇರಿಗೆ ಬಂದಳು. ಕಂಕುಳಲ್ಲಿ ಹಸಿ ಗೋಣಿತಾಟಿನ ಸುರುಳಿ. ಕಾಕಾ ಅವರ ಮೇಜಿನ ಮೇಲೆ ಅದನ್ನು ಬಿಚ್ಚಿದಳು. ಒಳಗೆ ಬೆಳ್ಳಗೆ ಮೊಳಕೆಯೊಡೆದ ಹತ್ತಿಬೀಜ.

"ಮನ್ಯಾಗ ಉಳಿಸಿದ್ದ ಬೀಜದಾಗ ನೂರ ಎಣಿಸಿ ಹಾಕೀನ್ರಿ. ತೊಂಬತ್ತು ಎದ್ದಾವ. ನೀವ ಎಣಿಸ್ರಿ. ನಂದು ನಾಪಾಸ ಹೆಂಗ ಆತ್ರಿ?"

ಈ ಹೈಬ್ರಿಡ್ ಬೀಜವೆಂದರೆ ಸುಮ್ಮನೆ ಬಿತ್ತಿ ಕೊಯ್ಯುವುದಲ್ಲ. ಸಂಜೆ ಒಂದೊಂದೇ ಮೊಗ್ಗು ಸುಲಿದು ಗುರುತಿಗೆ ಕಾಗದ ಸುತ್ತಬೇಕು, ಮರುದಿನ ಮುಂಜಾನೆ ಗಂಡುಹೂವಿನ ಪುಡಿ ಸವರಬೇಕು. ಎರಡು ತಿಂಗಳು ಹೀಗೆ ಹೂವು ಹೂವು ಮುಟ್ಟಿ ಹನ್ನೊಂದು ಚೀಲ ಮಾಡಿದ್ದಳು. ಆ ಹನ್ನೊಂದು ಚೀಲ ಅವತ್ತು ಮುಂಜಾನೆಯೇ ಲಾರಿ ಹತ್ತಿ ಲಕಮನಹಳ್ಳಿಯ ಎಣ್ಣೆ ಗಿರಣಿಗೆ ಹೋಗಿದ್ದವು.

ಕಾಕಾ ಮೊಳಕೆಗಳನ್ನು ನೋಡಿದರು. ಎಣಿಸಲಿಲ್ಲ. "ಕಮರುದ್ದೀನಗ ಫೋನ್ ಹಚ್ಚು ತಂಗಿ" ಎಂದರು. ಅವನು ಬಂದು ಮುಟ್ಟುವವರೆಗೆ ಬಾಗಿಲಿಂದ ಮೇಜಿಗೆ, ಮೇಜಿಂದ ಬಾಗಿಲಿಗೆ. ಕಮರುದ್ದೀನ ಬಂದವನೇ ರಿಫ್ರೆಶ್ ಒತ್ತಿದ. ಗೀಟೆಲ್ಲ ಮಾಯವಾಗಿ ಹೆಸರುಗಳು ತಮ್ಮ ತಮ್ಮ ಸಾಲಿಗೆ ಬಂದವು. ಹೊಳೆವ್ವ, ಎಪ್ಪತ್ತಾರು. ಹೊಳೆವ್ವ, ತೊಂಬತ್ತು. ಹೊಳೆವ್ವ, ತೊಂಬತ್ತೊಂದು. ಹೊಳೆವ್ವ, ತೊಂಬತ್ತೆರಡು. ಆ ಎಪ್ಪತ್ತಾರೊಂದೇ ಆಕೆಯ ಹೆಸರಿನಲ್ಲಿ ಉಳಿದು, ಅದರ ಕೆಳಗೆ ಇನ್ನಾರದೋ ಮೂರು ಕೆಟ್ಟ ತಟ್ಟೆಗಳು ಬಂದು ಸೇರಿದ್ದವು. ಆ ಇನ್ನೊಬ್ಬರ ಬೀಜ ಪಾಸಾಗಿ ನಮ್ಮ ಗೋದಾಮಿನಲ್ಲಿತ್ತು; ಅದನ್ನು ಸಾಹೇಬರು ಅಲ್ಲೇ ತಡೆದರು.

"ಕಂಪ್ಯೂಟರ್ ತಪ್ಪು ಮಾಡೇತವ್ವ" ಎಂದರು ಸಾಹೇಬರು ಹೊಳೆವ್ವನಿಗೆ. ಕಮರುದ್ದೀನ ವ್ಯಾನಿನ ಕೀಲಿ ಹಿಡಿದು ಹೊರನಡೆದ. ಕಾಕಾ ಚಪ್ಪಲಿ ಮೆಟ್ಟುತ್ತಿದ್ದರು.

ಕಮರುದ್ದೀನನ ವ್ಯಾನಿನಲ್ಲಿ ನಾಲ್ವರೂ ಹೊರಟೆವು. ಕಚೇರಿಯಲ್ಲಿ ಉಳಿದ ಸಾಹೇಬರು ಗಿರಣಿಗೆ ಫೋನು ಹಚ್ಚುತ್ತಲೇ ಇದ್ದರು, ಯಾರೂ ಎತ್ತಿರಲಿಲ್ಲ. ಉಣಕಲ್, ನವನಗರ, ರಾಯಾಪುರ. ಪ್ರತಿ ಬಸ್ಸಿಗೂ ಕಾಕಾ ಮುಂದೆ ಬಾಗಿ, "ಹೊಡಿ, ಲಗೂ ಹೊಡಿ" ಎನ್ನುವರು. ಸತ್ತೂರಿನಲ್ಲಿ ಗೇರ್ ಹಾಕುವ ಕೈ ಮೇಲೆ ತಾವೇ ಕೈಯಿಟ್ಟರು. ಹಿಂದೆ ನನ್ನ ಪಕ್ಕ ಹೊಳೆವ್ವ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಸಿಗತಾವೇನವ್ವ?" ಎಂದು ನನ್ನನ್ನು ಮೂರು ಸಲ ಕೇಳಿದಳು. ಆ ಹಾಳೆಯನ್ನು ಏರಿಳಿಸಿದವಳು ನಾನೇ ಅಲ್ಲವೇ?

ಗಿರಣಿಯ ಅಂಗಳದಲ್ಲಿ ಐದು ಚೀಲ ಗೋಡೆಗೆ ಒರಗಿದ್ದವು. ಆರು ಖಾಲಿ ಚೀಲ ಮಡಿಚಿಟ್ಟಿದ್ದರು. ಅವುಗಳ ಬೀಜ ದೊಡ್ಡ ರಾಶಿಯಲ್ಲಿ ಬೆರೆತು ಹೋಗಿತ್ತು. ಯಾವುದು ಹೊಳೆವ್ವನದು, ಯಾವುದು ಊರವರದು ಎಂದು ಇನ್ನು ಆರಿಸುವ ಮಾತೇ ಇರಲಿಲ್ಲ. ಹೊಳೆವ್ವ ರಾಶಿಗೆ ಕೈ ಹಾಕಿ ಒಂದು ಬೊಗಸೆ ಎತ್ತಿದಳು, ನೋಡಿದಳು, ಅಲ್ಲಿಯೇ ಬಿಟ್ಟಳು.

"ಹಾಳಾಗಿ ಹೋಗ್ಲಿ ಆ ಕಂಪ್ಯೂಟರು" ಎಂದಳು.

ಕಮರುದ್ದೀನ ನೆಲ ನೋಡುತ್ತ ನಿಂತ. ತಪ್ಪು ತನ್ನ ಮೇಲೆ ಬಂದು ಸಂಘದ ಕೆಲಸ ಹೋದರೆ ಅವನಿಗೆ ಕಷ್ಟವೇ. ಕಾಕಾ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಕಂಪ್ಯೂಟರಿಂದಲ್ಲವ್ವ" ಎಂದರು ಕಾಕಾ. "ಅದು ಬರೋಬ್ಬರಿ ಕೊಟ್ಟಿತ್ತು. ನಾಕ ಸಾಲಿನ್ಯಾಗ ನಾಕ ಸಲ ನಿನ್ನ ಹೆಸರಿತ್ತು. ಹಾಳಿ ಚಂದ ಕಾಣ್ಲೆಂತ ಮೂರು ಸಲ ನಾನ ಅಳಿಸಿದೆ. ಅದರಿಂದ ಹಿಂಗಾತು."

ಹೊಳೆವ್ವ ಅವರ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ನಾ ಒಂದೊಂದ ಹೂವು ಮುಟ್ಟೀನ್ರಿ. ನಿನ್ನಿ ಒಂದ ಮುಟ್ಟಿದ್ನಲ್ಲಾ ಅಂತ ಇವತ್ತಿಂದು ಬಿಟ್ಟಿಲ್ಲ. ನನ್ನ ಹೆಸರು ನಾಕ ಸಲ ಇದ್ರ ನಿಮಗ ಅಷ್ಟ ಜಡ ಆತೇನ್ರಿ?"

ಆಕೆ ಗೋಡೆಗೆ ಒರಗಿದ್ದ ಐದು ಚೀಲಗಳ ಕಡೆ ಹೋಗಿ ಒಂದರ ಕಿವಿ ಹಿಡಿದು ಬಾಗಿಲ ಕಡೆ ಎಳೆಯತೊಡಗಿದಳು. ಕಮರುದ್ದೀನ ಓಡಿಹೋಗಿ ಇನ್ನೊಂದು ಕಿವಿ ಹಿಡಿದ. ನಾನೂ ಹೋದೆ, ಆಕೆ ಬೇಡ ಅನ್ನಲಿಲ್ಲ. ಕಾಕಾ ಎರಡನೆಯ ಚೀಲಕ್ಕೆ ಬಾಗಿದಾಗ ಮಾತ್ರ ಆಕೆ ತಿರುಗಿ ಹೇಳಿದಳು:

"ನೀವು ಮುಟ್ಟಬ್ಯಾಡ್ರಿ."