ಬಾಯಲ್ಲಿ ನೂಲಿದ್ದಾಗ ಉಪದೇಶ ಬರುವುದಿಲ್ಲ

ಕಳೆದ ಮಂಗಳವಾರ ನನ್ನ ಕೌನ್ಸೆಲಿಂಗ್ ರೂಮಿನಲ್ಲಿ ಒಬ್ಬರಿಗೆ ಐಬ್ರೋ ಮಾಡಿದೆ.

ಹೌದು, ಐಬ್ರೋ. ಪೌಡರ್ ಹಚ್ಚಿ, ನೂಲು ಹಿಡಿದು, ಎರಡೂ ಹುಬ್ಬು. (ನನ್ನ ಕಸುಬಿನವರು ಯಾರಾದರೂ ಓದುತ್ತಿದ್ದರೆ ಸ್ವಲ್ಪ ತಡೆಯಿರಿ. ಕೌನ್ಸೆಲಿಂಗ್‌ಗೆ ಬಂದವರ ಜೊತೆ ಬೇರೆ ವ್ಯವಹಾರ ಕೂಡದೆಂಬ ನಿಯಮ ನನಗೂ ಗೊತ್ತು. ದಯವಿಟ್ಟು ಇಮೇಲ್ ಬೇಡ.)

ಆದದ್ದು ಇಷ್ಟು. ಕಾರ್ಕಳ ಕಡೆಯ ಒಬ್ಬಾಕೆ ಉಡುಪಿಯ ನನ್ನ ರೂಮಿಗೆ ಬಂದಿದ್ದರು. ವಿನುತಾ ಎನ್ನೋಣ. (ಹೆಸರು ನಾನಿಟ್ಟದ್ದು, ಊರೂ ಸ್ವಲ್ಪ ಆಚೀಚೆ. ಬರೆಯಲು ಒಪ್ಪಿಗೆ ಮಾತ್ರ ಅವರದ್ದೇ. "ನಿಮ್ಮ ಅತ್ತೆ ಓದಿದರೆ?" ಎಂದು ಕೇಳಿದೆ. "ಅವರು ಪೇಪರಿನಲ್ಲಿ ಮರಣದ ಸುದ್ದಿ ಮಾತ್ರ ನೋಡುವುದು ಮೇಡಂ" ಎಂದರು.)

ವಿನುತಾ ಏಳು ತಿಂಗಳ ಮಗುವಿನ ತಾಯಿ. ಮಗು ಮಲಗಿದರೂ ಅವರಿಗೆ ನಿದ್ದೆ ಬರುವುದಿಲ್ಲ. ಮಗು ಅತ್ತರೆ ಎತ್ತಿಕೊಳ್ಳುವ ಬದಲು ಎದ್ದು ಎಲ್ಲಿಗಾದರೂ ಓಡಿಹೋಗಬೇಕು ಎನಿಸುತ್ತದೆ. ಇದನ್ನು ಗಂಡನಿಗೂ ಹೇಳಿರಲಿಲ್ಲ, ಅತ್ತೆಗೂ ಹೇಳಿರಲಿಲ್ಲ. ಅಂದು ನನ್ನೆದುರು ತಡವರಿಸುತ್ತಾ ಹೇಳಿದರು.

ಏಳುವ ಹೊತ್ತಿಗೆ ಒಂದು ಪ್ರಶ್ನೆ. "ಮೇಡಂ, ಇಲ್ಲಿ ಹತ್ತಿರ ಪಾರ್ಲರ್ ಉಂಟಾ?"

"ಕೆಳಗೇ ಉಂಟು. ಯಾಕೆ?"

"ಮನೆಯಲ್ಲಿ ಐಬ್ರೋ ಮಾಡಿಸ್ಲಿಕ್ಕೆ ಅಂತ ಹೇಳಿ ಬಂದದ್ದು."

ಇಳಿದು ಹೋದವರು ಎರಡೇ ನಿಮಿಷದಲ್ಲಿ ವಾಪಸ್. ಪಾರ್ಲರಿಗೆ ಬೀಗ! ಅದರ ಒಡತಿಯ ತಂಗಿಗೆ ಮದುವೆಯಂತೆ. ಇನ್ನೊಂದು ಪಾರ್ಲರ್ ಹುಡುಕುತ್ತಾ ಹೋದರೆ ಕಾರ್ಕಳದ ಬಸ್ಸು ತಪ್ಪುತ್ತದೆ, ಮಗುವಿನ ಹಾಲಿನ ಹೊತ್ತು ಮೀರುತ್ತದೆ.

"ಹೀಗೇ ಹೋದರೆ ಅತ್ತೆ ಕೇಳದೆ ಇರ್ತಾರಾ? ಎಂತ ಹೇಳುವುದು ಮೇಡಂ? ಮುಂದಿನ ವಾರ ಬಿಡ್ಲಿಕ್ಕಿಲ್ಲ."

ನಗು ಬಂತೇ ನಿಮಗೆ? ನನಗೆ ಬರಲಿಲ್ಲ. ಆ ಹುಬ್ಬಿನ ಮೇಲೆ ನಿಂತಿದ್ದದ್ದು ಅವರ ಮುಂದಿನ ಮಂಗಳವಾರ. ನಮ್ಮಲ್ಲಿ ಹೆಂಗಸು ಪಾರ್ಲರಿಗೆ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೌನ್ಸೆಲಿಂಗ್‌ಗೆ ಹೋದರೆ ಸಂತೆಕಟ್ಟೆಯಿಂದ ಪಡುಬಿದ್ರಿಯವರೆಗೆ ಸುದ್ದಿ. ಹಾಗಾಗಿ ಕಾಪುವಿನವರು ಕಾರ್ಕಳಕ್ಕೆ ಹೋಗುತ್ತಾರೆ, ಕಾರ್ಕಳದವರು ಉಡುಪಿಗೆ ಬರುತ್ತಾರೆ, ಉಡುಪಿಯವರು ಮಂಗಳೂರು ಬಸ್ಸು ಹತ್ತುತ್ತಾರೆ. (ಬಸ್ಸಿನವರಿಗೆ ಒಳ್ಳೆಯ ವ್ಯಾಪಾರ.)

ನನ್ನ ಡ್ರಾವರ್ ಎಳೆದೆ. ಒಳಗೆ ನೂಲಿನ ಉಂಡೆ ಇತ್ತು.

ಕೌನ್ಸೆಲರ್ ಡ್ರಾವರಿನಲ್ಲಿ ನೂಲು ಯಾಕೆ? ಕೇಳಿ. ನಾನು ಮೊದಲು ಕಾಪುವಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದವಳು. ಮದುಮಗಳ ಮೇಕಪ್‌ನಿಂದ ಹಿಡಿದು ಮೆಹಂದಿಯವರೆಗೆ ಎಲ್ಲಾ ನಾನೇ. ಅಲ್ಲಿಗೆ ಪ್ರತಿ ಶನಿವಾರ ಜಲಜಕ್ಕ ಎಂಬವರು ಬರುತ್ತಿದ್ದರು. ಐವತ್ತು ದಾಟಿದವರು, ಗಂಡನಿಗೆ ಬೋಟಿನ ಕೆಲಸ. ಐಬ್ರೋ ಮಾಡಿಸಲೆಂದೇ ಬರುತ್ತಿದ್ದರು. ವಾರ ವಾರ ಮಾಡಿಸಿದರೆ ಅಲ್ಲಿ ಉಳಿಯುವುದಾದರೂ ಏನು? ನನ್ನ ನೂಲಿಗೆ ಒಂದು ಕೂದಲೂ ಸಿಗುತ್ತಿರಲಿಲ್ಲ.

ಒಮ್ಮೆ ಹೇಳಿಯೇಬಿಟ್ಟೆ. "ಅಕ್ಕಾ, ತೆಗೀಲಿಕ್ಕೆ ಎಂತ ಸಹ ಇಲ್ಲ."

"ಇರ್ಲಿ ಮಾರಾಯ್ತಿ, ನೀನು ಎಳಿ."

ಎಳೆದೆ. ಅವರ ಕಣ್ಣಲ್ಲಿ ನೀರು ಸುರಿಯಿತು. ಥ್ರೆಡ್ಡಿಂಗ್ ಮಾಡುವಾಗ ಎಲ್ಲರಿಗೂ ಕಣ್ಣಲ್ಲಿ ನೀರು ಬರುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ. ಆದರೆ ಇದು ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದರು: "ಮಗಳು ತೀರಿಹೋದದ್ದು ನಿನಗೆ ಗೊತ್ತುಂಟಲ್ಲ. ಮನೆಯಲ್ಲಿ ನಾನು ಅತ್ತರೆ ಇವರು ಊಟ ಬಿಡ್ತಾರೆ. ಅದಕ್ಕೆ ಇಲ್ಲಿಗೆ ಬರುವುದು."

ಆಗ ನಾನೇನು ಹೇಳಿದೆ? ಏನೂ ಇಲ್ಲ. ಹೇಳುವಂತೆಯೇ ಇರಲಿಲ್ಲ. ಥ್ರೆಡ್ಡಿಂಗ್ ಗೊತ್ತಿದ್ದವರಿಗೆ ತಿಳಿದಿರುತ್ತದೆ, ನೂಲಿನ ಒಂದು ತುದಿ ನಮ್ಮ ಹಲ್ಲಿನ ನಡುವೆ ಇರುತ್ತದೆ. ಇಲ್ಲದಿದ್ದರೆ ನಾನು ಬಿಡುವವಳಲ್ಲ. "ಎಲ್ಲಾ ದೇವರಿಚ್ಛೆ ಅಕ್ಕಾ, ಧೈರ್ಯ ತಂದುಕೊಳ್ಳಿ" ಎಂದು ಶುರು ಮಾಡುತ್ತಿದ್ದೆ. ಬಾಯಿ ಬಂದ್ ಆಗಿದ್ದರಿಂದ ಅವರ ಮಾತು ಮುಂದೆ ಹೋಯಿತು. ಮಗಳಿಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಇಷ್ಟ ಎಂದರು. ಅವಳ ಚೂಡಿದಾರ್‌ಗಳನ್ನು ಯಾರಿಗೂ ಕೊಟ್ಟಿಲ್ಲ ಎಂದರು. ನಾನು ಖಾಲಿ ಹುಬ್ಬಿನ ಮೇಲೆ ನೂಲು ಆಡಿಸುತ್ತಲೇ ಇದ್ದೆ.

ಹಾಗೆ ಎಷ್ಟೋ ಶನಿವಾರ. ಒಂದು ದಿನ ಕುರ್ಚಿಯಲ್ಲಿ ಕುಳಿತವರೇ ಕೈ ಅಡ್ಡ ಹಿಡಿದರು. "ಇವತ್ತು ನೂಲು ಬೇಡ. ಸುಮ್ಮನೆ ಬಂದೆ. ಚಾ ಉಂಟಾ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಏನಾಯಿತು ಇಲ್ಲಿ? ನಾನು ಒಂದು ಮಾತನ್ನೂ ಆಡದೆ ಅವರಿಗೆ ಹೇಗೆ ಹಗುರವಾಯಿತು? ಅದನ್ನು ತಿಳಿಯುವ ಹುಚ್ಚು ಹಿಡಿಯಿತು. ಪಾರ್ಲರ್ ಬಿಟ್ಟು, ಕಾಲೇಜು ಮಕ್ಕಳ ನಡುವೆ ಕುಳಿತು ಸೈಕಾಲಜಿ ಓದಿದೆ. "ನಿನಗೆಂತ ಮರ್ಲಾ, ಹುಚ್ಚಾ ಮಾರಾಯ್ತಿ?" ಎಂದು ಅಮ್ಮ ಕೇಳಿದರು. (ಓದು ಮುಗಿಸಿದ ಮೇಲೂ ಆ ಪ್ರಶ್ನೆಗೆ ಖಚಿತ ಉತ್ತರ ಸಿಕ್ಕಿಲ್ಲ.) ಕ್ಲಾಸಿನಲ್ಲಿ ಕೇಳಿಸಿಕೊಳ್ಳುವ ಕಲೆಯ ಬಗ್ಗೆ ಪಾಠ ನಡೆಯುವಾಗೆಲ್ಲ ನನ್ನ ಹಲ್ಲಿಗೆ ನೂಲಿನ ನೆನಪಾಗುತ್ತಿತ್ತು. ಆ ಉಂಡೆಯನ್ನು ಇಂದಿಗೂ ಡ್ರಾವರಿನಲ್ಲಿ ಇಟ್ಟುಕೊಂಡಿದ್ದೇನೆ. ಉಪದೇಶ ನಾಲಗೆಯ ತುದಿಗೆ ಬಂದಾಗ ಒಮ್ಮೆ ಅದನ್ನು ನೋಡುತ್ತೇನೆ.

ಇರಲಿ, ಮಂಗಳವಾರಕ್ಕೆ ಬರೋಣ. ವಿನುತಾ ರೆಪ್ಪೆ ಎಳೆದು ಹಿಡಿದರು, ನಾನು ನೂಲು ಕಚ್ಚಿದೆ. ಒಂದು ಹುಬ್ಬು ಮುಗಿಯುವಾಗ ಕೆನ್ನೆ ಒದ್ದೆ. "ಅತ್ತೆ ಮಗುವನ್ನು ಚಂದ ನೋಡಿಕೊಳ್ತಾರೆ ಮೇಡಂ. ನಾನು ಇಲ್ಲದಿದ್ದರೂ ನಡೀತದೆ."

ಇಂಥ ಮಾತು ಕೇಳಿದ ಮೇಲೆ ಬಾಯಲ್ಲಿ ನೂಲು ಇರಬಾರದು. ತೆಗೆದೆ. ನೇರವಾಗಿ ಕೇಳಿದೆ: "ಸಾಯಬೇಕು ಅಂತ ಕಾಣ್ತದಾ?"

ಕಣ್ಣು ಬಿಟ್ಟು ನನ್ನನ್ನೇ ನೋಡಿದರು. "ಅಯ್ಯೋ, ಹಾಗೆಲ್ಲ ಇಲ್ಲ ಮೇಡಂ. ನನಗೆ ಒಮ್ಮೆ ಸರಿಯಾಗಿ ನಿದ್ದೆ ಬಂದರೆ ಸಾಕು."

ಅಲ್ಲಿಗೇ ಬಿಡಲಿಲ್ಲ. ತಿರುಗಿಸಿ ಮುರುಗಿಸಿ ಇನ್ನಷ್ಟು ಕೇಳಿದೆ. ಮಣಿಪಾಲದ ಒಬ್ಬ ಡಾಕ್ಟರಿಗೆ ಅವರೆದುರೇ ಫೋನ್ ಮಾಡಿ ಸಮಯ ಗೊತ್ತು ಮಾಡಿದೆ. ಗಂಡನಿಗೆ ತಾನೇ ಹೇಳುತ್ತೇನೆ ಎಂದು ವಿನುತಾ ಒಪ್ಪಿದರು. ಆಮೇಲೆ ಎರಡನೆಯ ಹುಬ್ಬು. ಬಸ್ಸು ಹೇಗೂ ತಪ್ಪಿತ್ತು.

ನಿನ್ನೆ ಫೋನ್ ಬಂತು. ಗಂಡನಿಗೆ ಹೇಳಿದ್ದಾರೆ, ಇಬ್ಬರೂ ಸೇರಿ ಡಾಕ್ಟರಲ್ಲಿಗೆ ಹೋಗುತ್ತಾರೆ. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅವರ ಸ್ವರ ಪಿಸುಮಾತಿಗೆ ಇಳಿಯಿತು.

"ಮೇಡಂ, ಒಂದು ಫಜೀತಿ ಆಗಿದೆ. ಅತ್ತೆ ನನ್ನ ಐಬ್ರೋ ನೋಡಿ, ಯಾವ ಪಾರ್ಲರ್, ಮುಂದಿನ ಮಂಗಳವಾರ ನಾನೂ ಬರ್ತೇನೆ ಅಂತ ಹಟ ಹಿಡಿದಿದ್ದಾರೆ. ಎಂತ ಮಾಡುವುದು? ಅವರಿಗೆ ಹುಬ್ಬೇ ಇಲ್ಲ!"

ಹುಬ್ಬೇ ಇಲ್ಲದವರು ಪಾರ್ಲರಿಗೆ ಯಾಕೆ ಬರುತ್ತಾರೆ, ಹೇಳಿ?