ಸೂಜಿ ಪೋಣಿಸಲು ಹೇಳಿದ ದಿನ

ನನಗೆ ಕೆಲಸ ಕಲಿಸುತ್ತಿದ್ದ ಬಾಯಾರ ಬಲಗೈ ಹೆಬ್ಬೆರಳು ನೂಲೆಳೆದು ಎಳೆದು ಗಟ್ಟಿಯಾಗಿತ್ತು. ಅದನ್ನು ನನ್ನ ಬೆರಳ ಮೇಲಿಟ್ಟೇ ಅವರು ಮಂಚಕ್ಕೆ ಬಿಗಿಯುವ ನವಾರದ ಪಟ್ಟಿ ನೇಯುವುದನ್ನು ಕಲಿಸಿದ್ದು. ಇಡುವ ಮೊದಲು ಪ್ರತಿ ಸಲವೂ, "ಕೈ ಹಿಡೀಲೇನ ತಂಗಿ?" ಎಂದು ಕೇಳುತ್ತಿದ್ದರು. ನನ್ನ ಕೈ ಹಿಡಿಯಲು ನನ್ನನ್ನೇ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ದೇಶ ಸ್ವತಂತ್ರವಾಗಿ ನಾಲ್ಕಾರು ವರ್ಷವಾಗಿತ್ತು. ನನ್ನ ಕಣ್ಣು ಮಂಜಾಗುತ್ತ ನಡೆದಿತ್ತು. ಅಂಥವರಿಗೆ ಕೆಲಸ ಕಲಿಸುವ ಮಿರಜಿನ ಸಂಸ್ಥೆಯೊಂದರಿಂದ ಅವರು ಬಸ್ಸು ಹಿಡಿದು ನಮ್ಮೂರು ಮುಚ್ಚಂಡಿಗೆ ಬರುತ್ತಿದ್ದರು. ಅವ್ವ ಚಹಾ ಕೊಡುತ್ತ ಅವರು ಕಲಿಸುತ್ತಿದ್ದ ಬೇರೆ ಊರಿನ ಕುಂಟ ಹುಡುಗನ ಸುದ್ದಿ ಕೆದಕಿದರೆ, "ಅವರ ಮನೀದು ಅವರ ಮನ್ಯಾಗ ಇರಲಿ ಬಿಡ್ರಿ. ನಿಮ್ಮನೀದೂ ನಾ ಎಲ್ಲೂ ಆಡೂದಿಲ್ಲ" ಎನ್ನುತ್ತಿದ್ದರು. ಅವ್ವನಿಗೆ ಸಮಾಧಾನವೂ ಆಗುತ್ತಿತ್ತು, ನಿರಾಸೆಯೂ.

ಯಳವಿಯಿಂದ ವರನ ಕಡೆಯವರು ನನ್ನನ್ನು ನೋಡಲು ಬಂದ ದಿನವೇ ಬಾಯಾರೂ ಬಂದಿದ್ದರು. ಕಣ್ಣು ಪರೀಕ್ಷಿಸಲು ಹೆಣ್ಣಿಗೆ ಸೂಜಿ ಪೋಣಿಸಲು ಹೇಳುವುದು ನಮ್ಮಲ್ಲಿ ರೂಢಿ. ಅವ್ವನೇನು ಕಡಿಮೆಯವಳೇ! ದಾರ ಪೋಣಿಸಿದ ಸೂಜಿಯೊಂದನ್ನು ಮೊದಲೇ ನನ್ನ ಸೆರಗಿಗೆ ಚುಚ್ಚಿಟ್ಟಿದ್ದಳು. ವರನ ಕಡೆಯವರು ಕೊಟ್ಟದ್ದನ್ನು ಬಚ್ಚಿಟ್ಟು ನಾನು ಅದನ್ನೇ ಮುಂದೆ ಹಿಡಿದೆ. ಆದರೆ ಅವರು ಕೊಟ್ಟದ್ದು ಬಿಳಿ ದಾರ, ನಾನು ತೋರಿಸಿದ್ದು ಕೆಂಪು.

ವರನ ತಂದೆ ಬಾಯಾರ ಕಡೆ ತಿರುಗಿದರು. "ಖರೇ ಹೇಳ್ರಿ ಬಾಯಾರ, ಹುಡುಗಿ ಕಣ್ಣ ಹೆಂಗದಾವು?"

ಅಪ್ಪ ಅವರ ಹಿಂದಿನಿಂದ ಬಾಯಾರಿಗೆ ಕೈಮುಗಿದನಂತೆ. ಬಾಯಾರು, "ಸುಳ್ಳ ಹೇಳೂದಿಲ್ರಿ. ಆದ್ರ ಅಕಿ ಸುದ್ದಿ ಹೇಳಾಕ ನಾ ಯಾರು? ಇಲ್ಲೇ ಕುಂತಾಳ, ಅಕಿನ್ನ ಕೇಳ್ರಿ" ಎಂದರು.

"ಹಗಲ ಮಬ್ಬ ಮಬ್ಬ ಕಾಣತೈತ್ರಿ. ಸಂಜೀಗಿ ಏನೂ ಇಲ್ಲ" ಎಂದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಬಂದವರು ಚಹಾ ಮುಟ್ಟದೆ ಎದ್ದರು. "ಇನ್ನ ನಮ್ಮ ಹೊಸ್ತಲಾ ತುಳೀಬ್ಯಾಡ್ರಿ" ಎಂದು ಅಪ್ಪ ಬಾಯಾರಿಗೆ ಹೇಳಿದ. ಅವರು, "ಬರ್ತೀನಿ ತಂಗಿ" ಎಂದು ನನಗಷ್ಟೇ ಹೇಳಿ ಹೋದರು.

ಆಮೇಲೆ ಎಷ್ಟು ಹಂಬಲಿಸಿದೆ! ಬಸ್ಸಿನ ಸದ್ದಾದಾಗಲೆಲ್ಲ ನೇಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಬೈದಾದರೂ ಹೋಗಲಿ, ಒಮ್ಮೆ ಬರಲಿ ಎನಿಸುತ್ತಿತ್ತು.

ಕೆಲವು ವರ್ಷದ ಮೇಲೆ ಇನ್ನೊಬ್ಬರು ನೋಡಲು ಬಂದರು. ಎಷ್ಟು ಕಾಣಿಸುತ್ತದೆಂದು ಕೇಳಿದರು. ಇದ್ದದ್ದನ್ನು ನಾನೇ ಹೇಳಿದೆ. ಅವರು ಒಪ್ಪಿದರು. ಮದುವೆಯಾದ ಮೇಲೆ ಅವರನ್ನು ಬಾಯಾರಿಗೆ ತೋರಿಸಲೇಬೇಕೆಂದು ಮಿರಜಿಗೆ ಕರೆದೊಯ್ದೆ. ಸಂಸ್ಥೆಯ ಬಾಗಿಲು ತೆರೆದ ಹೆಂಗಸು, "ಬಾಯಾರು ತೀರಿಹೋಗಿ ವರ್ಷ ಆತ್ರಿ" ಎಂದಳು. ನಾನು ಅಲ್ಲೇ ಕುಸಿದು ಅತ್ತೆ.

"ಅವರು ನಿಮಗ ಏನಾಗಬೇಕಾಗಿತ್ರಿ?" ಎಂದಳು ಆಕೆ.

"ಅವರು ನಮ್ಮ ಮನಿಗಿ ಬರೂ ಹಂಗಿರಲಿಲ್ರಿ. ಅದಕ್ಕ ನಾನ ಬಂದೇನಿ" ಎಂದೆ.