ನಾಲ್ಕನೆಯ ಗಡಗಡೆ

ನೀರು ಸೇದುವ ಒಂದು ಗಡಗಡೆಯನ್ನು, ಅಂದರೆ ರಾಟೆಯನ್ನು, ಹಾಕಬೇಕಾದ ಬಾವಿಗೆ ನಾನು ಹಾಕಲಿಲ್ಲ. ಹಾಕಿದ್ದರೆ ಆ ಕೆಲಸವೂ, ಅದರ ಬೆನ್ನಿಗೆ ಬಂದ ಹತ್ತಾರು ಕೆಲಸಗಳೂ ಕೈತಪ್ಪುತ್ತಿದ್ದವು — ಕಾರಣ ಇಷ್ಟೇ. ಬೆಲೆ ತೆತ್ತವನು ನಾನಲ್ಲ, ಭೀಮಣ್ಣ. ಅವನ ಎಡಗಾಲು ಹೋಯಿತು.

ಪೊಲೀಸ್ ಆ್ಯಕ್ಷನ್ ಮುಗಿದು ಹೈದರಾಬಾದಿನಲ್ಲಿ ಹೊಸ ಸರ್ಕಾರ ಕೂತ ಕಾಲ. ಕಲಬುರಗಿಯ ಶಹಾಬಜಾರದಲ್ಲಿ ಕಲ್ಲು ಹೊರುತ್ತಿದ್ದ ನಾನು ಗುತ್ತೇದಾರನಾಗಲು ಹವಣಿಸುತ್ತಿದ್ದೆ. ಹಳ್ಳಿಗಳಲ್ಲಿ ನಾರುಹುಣ್ಣು — ಕಾಲಿನಿಂದ ದಾರದಂಥ ಹುಳು ಹೊರಡುವ ರೋಗ. ಜನ ಹುಣ್ಣಿನ ಕಾಲಲ್ಲೇ ಮೆಟ್ಟಿಲುಬಾವಿಗೆ ಇಳಿದು ಕೊಡ ತುಂಬುತ್ತಿದ್ದರು. ಹುಳು ಹುಣ್ಣಿನಿಂದ ನೀರಿಗೆ, ನೀರಿನಿಂದ ಇನ್ನೊಬ್ಬರ ಹೊಟ್ಟೆಗೆ. ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಮೇಲಿಂದ ಸೇದುವಂತೆ ಮಾಡಿದರೆ ರೋಗ ನಿಲ್ಲುತ್ತದೆ, ಸರ್ಕಾರ ಹಣ ಕೊಡುತ್ತದೆ. ಜನಕ್ಕೆ ಆರೋಗ್ಯ, ನನಗೆ ಅನ್ನ — ಇಂಥ ಧಂಧೆ ಎಲ್ಲಿ ಸಿಗುತ್ತದೆ ಹೇಳಿ?

ಮೊದಲ ಕೆಲಸ ಕಮಲಾಪುರದ ಕಡೆಯ ಒಂದು ಊರಲ್ಲಿ. ನಕಾಶೆಯಲ್ಲಿ ನಾಲ್ಕು ಗಡಗಡೆ — ಮೂರು ಊರಿಗೆ, ಒಂದು ಕೇರಿಗೆ. ಅಲ್ಲಿಯವರೆಗೆ ಕೇರಿಯವರು ಬಾವಿ ಮುಟ್ಟುವಂತಿರಲಿಲ್ಲ. ಮೆಟ್ಟಿಲ ಬಾಯಲ್ಲಿ ಖಾಲಿ ಕೊಡ ಇಟ್ಟು ನಿಲ್ಲಬೇಕು. ಮನಸ್ಸು ಬಂದವರು ದೂರದಿಂದ ಸುರಿಯಬೇಕು. ಯಾರೂ ಸುರಿಯದ ದಿನ ಹೊಲದಾಚೆಯ ಪಾಳುಬಾವಿ.

ಊರಿನ ಪಾಟೀಲರು ನನ್ನನ್ನು ಕರೆಸಿ ಚಹಾ ಕುಡಿಸಿದರು.

"ಮೂರು ಸಾಕು. ನಾಲ್ಕನೇದು ಹಾಕಿದ್ರ ಆ ಬಾವಿ ನೀರು ನೀನೇ ಕುಡಕೋತ ಕೂಡು. ಮೂರೇ ಹಾಕಿದಿ ಅಂದ್ರ — ಸುತ್ತ ಊರಾಗಿನ ಪಾಟೀಲರೆಲ್ಲ ನಮ್ಮ ಬೀಗರೇ ಇದ್ದಾರ."

ಸುಣ್ಣದ ಬುಟ್ಟಿಗೂ ಚೌಕಾಶಿ ಮಾಡುವವನು ನಾನು. ಅಂದು ಮಾತ್ರ ಮಾಡಲಿಲ್ಲ. ಚಹಾದ ಬಸಿ ಕೆಳಗಿಟ್ಟು, "ಆಗಲಿರೀ" ಅಂದೆ.

ನಾಲ್ಕೂ ಗಡಗಡೆಗಳನ್ನು ಜಾಲಿಕಟ್ಟಿಗೆಯಲ್ಲಿ ಕೆತ್ತಿದವನು ಆ ಕೇರಿಯವನೇ ಆದ, ನನ್ನ ಕೆಲಸಗಾರ ಭೀಮಣ್ಣ. ಆಗ ಭೀಮ್ಯಾ ಅನ್ನುತ್ತಿದ್ದೆ. ಈಗ ಭೀಮಣ್ಣ ಎಂದು ಬರೆಯುತ್ತೇನೆ — ಅದಕ್ಕೇನೂ ಖರ್ಚಿಲ್ಲ. ಹೂಳೆತ್ತಲು ಬಾವಿಗೆ ಇಳಿದವನೂ ಅವನೇ. ನೀರು ತಿಳಿಯಾದ ಮೇಲೆ ಮುಟ್ಟಬಾರದವನೂ ಅವನೇ.

"ನಮ್ಮದು ಯಾವಾಗ್ರೀ, ಗುತ್ತೇದಾರ್ರ?"

"ಗಡಗಡೆ ತಿರುಗೋ ಕಬ್ಬಿಣದ ಅಚ್ಚು ಕಲಬುರಗಿಯಿಂದ ಬರಬೇಕೋ. ಬಂದ ಕೂಡ್ಲೆ ಹಾಕ್ತೀನಿ."

"ಬರಲಿ ಬಿಡ್ರೀ. ಮುತ್ಯಾನ ಕಾಲದಿಂದ ನಿಂತೀವಿ, ಅಚ್ಚು ಬರೋತನಕ ನಿಲ್ಲೋದು ಏನು ದೊಡ್ಡದು!" ಎಂದು ನಕ್ಕ.

ಅಚ್ಚು ಬಂದಿತ್ತು. ನನ್ನ ಬಂಡಿಯಲ್ಲೇ ಇತ್ತು, ಹುಲ್ಲಿನ ಕೆಳಗೆ.

ಮೆಟ್ಟಿಲು ಮುಚ್ಚಿದ ಮೇಲೆ ಕೇರಿಯವರಿಗೆ ಕೊಡ ಇಟ್ಟು ನಿಲ್ಲುವ ಜಾಗವೂ ಹೋಯಿತು. ಇದು ನನಗೆ ಮೊದಲೇ ಹೊಳೆದಿರಲಿಲ್ಲ ಎಂದು ಬರೆಯಬಹುದು — ಹೊಳೆದಿತ್ತು. ಅವರಿಗೆ ದಿನವೂ ಪಾಳುಬಾವಿಯೇ ಗತಿಯಾಯಿತು. ಅದಕ್ಕೆ ಮೆಟ್ಟಿಲಿತ್ತು, ನಾರೂ ಇತ್ತು.

ಮುಂದಿನ ವರ್ಷ ಊರಲ್ಲಿ ನಾರುಹುಣ್ಣು ಕಡಿಮೆಯಾಯಿತು. ಪಾಟೀಲರು ನನಗೆ ರುಮಾಲು ಸುತ್ತಿ ಬೀಗರ ಊರುಗಳಿಗೆಲ್ಲ ಹೇಳಿ ಕಳಿಸಿದರು. ಅದೇ ಬೇಸಿಗೆಯಲ್ಲಿ ಭೀಮಣ್ಣನ ಹಿಮ್ಮಡಿಯಿಂದ ಹುಳು ಹೊರಟಿತು. ಎಳೆಯುವಾಗ ಒಳಗೇ ತುಂಡಾಗಿ, ಕೀವು ಏರಿ, ಕಾಲು ಮಡಚಿಕೊಂಡೇ ಉಳಿಯಿತು. ಬಾವಿ ಇಳಿಯುವವನ ಕಾಲು.

ಕೂತು ಮಾಡುವ ಕೆಲಸ ಕೇಳಿಕೊಂಡು ಅವನು ಶಹಾಬಜಾರದ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಅಂಗಳದ ಬಾವಿಯಿಂದ ನೀರು ಸೇದಿ ಮೇಲಿಂದ ಸುರಿದಳು. ಅವನು ಬೊಗಸೆಯೊಡ್ಡಿ ಕುಡಿದ. ಕುಡಿದು ತಲೆ ಎತ್ತಿದ. ಬಾವಿಯ ಮೇಲೆ ಅವನು ಕೆತ್ತಿದ ನಾಲ್ಕನೆಯ ಗಡಗಡೆ — ಒಳ್ಳೆಯ ಮಾಲು ಸುಮ್ಮನೆ ಬಿದ್ದಿರುವುದೇಕೆಂದು ನಾನೇ ತಂದು ಹಾಕಿದ್ದೆ.

"ಅಚ್ಚು ಬಂತಲ್ರೀ," ಅಂದ. ಬಾಯಿ ಒರೆಸಿಕೊಂಡು, "ಛಲೋ ತಿರಗಾಕತ್ತದ."

ಕೆಲಸದ ಮಾತು ಎತ್ತಲೇ ಇಲ್ಲ. ಕೋಲೂರಿ ಹೋದ. ನಾನು ಕರೆಯಲಿಲ್ಲ.

ಹೈದರಾಬಾದ್ ರಾಜ್ಯವೇ ಇಲ್ಲವಾಗಿ ನಾವು ಮೈಸೂರಿಗೆ ಸೇರುವ ಹೊತ್ತಿಗೆ ನನಗೆ ಸ್ವಂತ ಲಾರಿಯಿತ್ತು. ಗಡಗಡೆ ಬಿಚ್ಚಿಕೊಂಡು ಆ ಕೇರಿಗೆ ಹೋದೆ. ಭೀಮಣ್ಣ ತೀರಿಕೊಂಡಿದ್ದ. ಕೇರಿಯವರು ತಾವೇ ಒಂದು ಬಾವಿ ತೋಡಿಕೊಂಡಿದ್ದರು. ಅವನ ಹೆಂಡತಿ ಗಡಗಡೆಯನ್ನು ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟಳು.

"ನಮ್ಮ ಬಾವಿಗೆ ಗಡಗಡಿ ಅದರೀ. ಇದು ನಿಮ್ಮ ಮನೀದು."

ದುಡ್ಡೂ ಬರಬೇಕು, ಜನಕ್ಕೂ ಒಳ್ಳೆಯದಾಗಬೇಕು ಎನ್ನುವ ಕೆಲಸಕ್ಕೆ ಇಳಿಯುವವರು ಕೇಳಿ. ನಿಮ್ಮ ಕೂಲಿಯನ್ನು ಪೂರ್ತಿ ಕೇಳಿ ತೆಗೆದುಕೊಳ್ಳಿ, ನಾಚಬೇಡಿ. ಕಲ್ಲಿಗೆ, ಸುಣ್ಣಕ್ಕೆ, ಬಂಡಿ ಬಾಡಿಗೆಗೆ ಜಗ್ಗಾಡಿ. ಆದರೆ ಪಾಟೀಲರ ಚಹಾ ಕುಡಿಯುವ ಮೊದಲೇ ಕೇರಿಯ ಪಾಲಿನ ಗಡಗಡೆ ಹಾಕಿಬಿಡಿ. ಉಳಿದ ಮೂರು ತಾವಾಗಿಯೇ ಬರುತ್ತವೆ. ಹಾಕಗೊಡದಿದ್ದರೆ ಬಂಡಿ ತಿರುಗಿಸಿ, ಬೇರೆ ಊರಿದೆ. ಮತ್ತೆ, ಅಚ್ಚನ್ನು ಯಾವಾಗಲೂ ಹುಲ್ಲಿನ ಮೇಲೆ ಇಟ್ಟುಕೊಂಡು ಹೋಗಿ — ಎಲ್ಲರಿಗೂ ಕಾಣುವ ಹಾಗೆ.